ಉಸ್ತಾದರ ಒಂದೇ ಒಂದು ಸಿನಿಮಾ

ನನ್ನ ಮೊಣಕಾಲು ನೋವಿಗೆಂದು ಹೋದ ತಿಂಗಳು ಹೆಂಡತಿ ಎಳ್ಳೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿದಳು. ಆ ವಾಸನೆಗೆ ಗುಬ್ಬಿಯ ಗರಡಿಮನೆ ಉಸ್ತಾದರು ಕಣ್ಣೆದುರು ಬಂದು ನಿಂತರು...

ಎಂಬತ್ತರ ದಶಕದ ಮಾತು. ನಾನು ಅಲ್ಲಿ ಹೈಸ್ಕೂಲು ಮೇಷ್ಟ್ರು, ಅವರು ಪಕ್ಕದ ಮನೆಯವರು. ಬಾಗಿಲು ತುಂಬುವಂಥ ಆಳು, ಮಾತು ಮಾತ್ರ ಮೆತ್ತಗೆ. ಕುಸ್ತಿ ಕಲಿಸುತ್ತಿದ್ದರು, ಯಾರ ಕೈಕಾಲು ಉಳುಕಿದರೂ ಎಣ್ಣೆ ತಿಕ್ಕಿ ಸರಿಮಾಡುತ್ತಿದ್ದರು. ಅವರು ಬೀದಿಗೆ ಬಂದರೆ ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು.

ಒಂದು ವರ್ಷ ಸಿನಿಮಾದವರು ಬಂದರು. ಭೂಗತ ರೌಡಿಗಳ ಕತೆ. ರಕ್ತವೂ ಉಂಟು, ನಗುವೂ ಉಂಟು. ಶೂಟಿಂಗಿಗೆಂದು ಕೊಬ್ಬರಿ ಗೋದಾಮೊಂದನ್ನು ಕಳ್ಳಸಾಗಣೆಯವರ ಅಡ್ಡೆ ಮಾಡಿಕೊಂಡಿದ್ದರು. ಸಿನಿಮಾದವರ ಮ್ಯಾನೇಜರು ನನ್ನ ಕಾಲೇಜು ಗೆಳೆಯ. ಸಣಕಲ ಹಾಸ್ಯನಟನ ಕೈಯಲ್ಲಿ ಒದೆ ತಿನ್ನುವುದಕ್ಕೆ ಒಬ್ಬ ದೈತ್ಯ ಬೇಕು, ಆಮೇಲೆ ಆ ದೈತ್ಯನ ಬಾಯಿಗೆ ಮೇಕೆ ಅರಚುವ ದನಿ ಸೇರಿಸುತ್ತೇವೆ ಎಂದ. ಸಿನಿಮಾದವರ ನಡುವೆ ನಿಂತು ಮೆರೆಯುವ ಆಸೆ ನನಗೆ. ಉಸ್ತಾದರನ್ನು ಕರೆದೊಯ್ದೆ. ಹೀರೋ ಜೊತೆ ಫೈಟು ಎಂದಷ್ಟೇ ಅವರಿಗೆ ಹೇಳಿದೆ. ಒದೆ ತಿಂದು ಬೀಳುವ ದೃಶ್ಯವನ್ನು ಅವರೊಬ್ಬರನ್ನೇ ನಿಲ್ಲಿಸಿ ತೆಗೆದರು. ಎದುರಿಗೆ ಯಾರನ್ನು ಸೇರಿಸುತ್ತಾರೆಂದು ಅವರಿಗೇನು ಗೊತ್ತು?

ಸಿನಿಮಾ ತುಮಕೂರಿಗೆ ಬಂದಾಗ ಉಸ್ತಾದರು ತಮ್ಮ ಹೆಂಡತಿ, ಮಗಳು, ಶಿಷ್ಯರ ಜೊತೆ ನನ್ನನ್ನೂ ಸೇರಿಸಿ ಮ್ಯಾಟಿನಿಗೆ ಹೊರಡಿಸಿದರು. ಪರದೆಯ ಮೇಲೆ ಸಣಕಲನ ಒಂದೇ ಒದೆಗೆ ಉಸ್ತಾದರು ಉರುಳಿದರು, ಮೇಕೆಯಂತೆ ಅರಚಿದರು. ಇಡೀ ಟಾಕೀಸು ನಕ್ಕಿತು. ಶಿಷ್ಯರೂ ನಕ್ಕರು. ಪಕ್ಕದಲ್ಲೇ ಕೂತಿದ್ದ ನಾನೂ ನಕ್ಕುಬಿಟ್ಟೆ...

ಬಸ್‌ಸ್ಟ್ಯಾಂಡಿನಲ್ಲಿ ಅವರು ನನ್ನನ್ನು ಒಂದು ಪಕ್ಕಕ್ಕೆ ಕರೆದರು.

"ಮೇಷ್ಟ್ರೇ, ಹಿಂಗ್ ಮಾಡ್ತಾರೆ ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ?"

"ಇಲ್ಲ ಉಸ್ತಾದ್ರೇ. ದೇವ್ರಾಣೆಗೂ ಗೊತ್ತಿರ್ಲಿಲ್ಲ."

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಹೋಗ್ಲಿ ಬುಡಿ, ನೊಂದ್ಕೋಬೇಡಿ. ನಿಮ್ಗೂ ಮೋಸ ಮಾಡವ್ರೆ."

ಅಲ್ಲಿಂದ ಮುಂದೆ ಅವರು ಬೀದಿಗಿಳಿದರೆ ಹಿಂದಿನಿಂದ ಯಾರಾದರೂ ಮೇಕೆಯಂತೆ ಕೂಗುವುದು ಮಾಮೂಲಾಯಿತು. ಅದೇ ದೊಡ್ಡ ಕೈಯಿಂದ ಒಂದೇಟು ಬಿಗಿಯಬಹುದಿತ್ತು. ಅವರು ತಲೆ ತಗ್ಗಿಸಿ ನಡೆದರು. ಶಿಷ್ಯರು ಒಬ್ಬೊಬ್ಬರಾಗಿ ಕರಗಿದರು. ವರ್ಷ ತುಂಬುವುದರೊಳಗೆ ಗರಡಿಗೆ ಬೀಗ ಹಾಕಿ, ಕುಣಿಗಲ್ಲಿಗೆ, ಹೆಂಡತಿಯ ಊರಿಗೆ, ಹೊರಟುಹೋದರು. ಗಾಡಿಗೆ ಸಾಮಾನು ಹೇರುವಾಗ ನಾನೂ ಕೈಹಾಕಿದೆ. ಬಾಯಿ ಮಾತ್ರ ಬಿಡಲಿಲ್ಲ. ಅವರು ಕಣ್ಮರೆಯಾದಾಗ ನನಗಾದದ್ದು ದುಃಖವಲ್ಲ, ನಿರಾಳ. ಇವತ್ತಿಗೂ ಹೇಳಿಕೊಳ್ಳಲು ನಾಚಿಕೆಯಾಗುವುದು ಅದಕ್ಕೇ.

ಮೊನ್ನೆ ಕುಣಿಗಲ್ಲಿಗೆ ಹೋದೆ, ನಿಜ ಹೇಳಿಬಿಡೋಣವೆಂದು. ಬಾಗಿಲು ತೆರೆದದ್ದು ಮಗಳು. ಅವಳಿಗೂ ತಲೆ ನರೆತಿದೆ. ಅಪ್ಪ ತೀರಿಕೊಂಡು ಆರು ವರ್ಷವಾಯಿತೆಂದಳು. ಕೂರಿಸಿ ಮಜ್ಜಿಗೆ ಕೊಟ್ಟಳು.

"ಆ ಸಿನ್ಮಾ ಮಾತು ಬಂದಾಗೆಲ್ಲ ಅಪ್ಪ ನಿಮ್ಮನ್ನೇ ನೆನೆಸ್ಕೊಳ್ಳೋರು, ಸಾರ್. ಅವತ್ತು ನನ್ ಜೊತೆ ನೊಂದೋರು ಅಂದ್ರೆ ಮೇಷ್ಟ್ರೊಬ್ರೇ ಅನ್ನೋರು."

ಮಜ್ಜಿಗೆ ಕುಡಿದು, ಬರ್ತೀನಮ್ಮ ಎಂದು ಎದ್ದು ಬಂದೆ.