ರುಕ್ಮಯ್ಯ ಮಾಸ್ಟ್ರು ಆರಿಸಿದ ಆಟದ ಪುಸ್ತಕಗಳು

ರುಕ್ಮಯ್ಯ ಮಾಸ್ಟ್ರು ಮುಳುಗಿದ್ದು ನೀರಿನಲ್ಲಲ್ಲ, ಎರಡು ಬೆಂಚುಗಳ ನಡುವೆ.

1997ರ ಡಿಸೆಂಬರ್. ಮಡಂತ್ಯಾರಿನ ಹತ್ತಿರದ ನಮ್ಮ ಶಾಲೆಯ ಕ್ರೀಡೋತ್ಸವದಲ್ಲಿ ಬಹುಮಾನ ಕೊಟ್ಟು ಆಗಷ್ಟೇ ಮುಗಿದಿತ್ತು. ಕಪ್ಪೆ ಓಟದಲ್ಲಿ ಮೊದಲು ಬಂದ ಎರಡನೇ ಕ್ಲಾಸಿನ ಶಬ್ನಾಳ ಕೈಯಲ್ಲಿ, ಪ್ರತಿವರ್ಷ ಕೊಡುವ ಸ್ಟೀಲ್ ತಟ್ಟೆಯ ಬದಲು, ಈಜು ಕಲಿಸುವ ತೆಳ್ಳಗಿನ ಪುಸ್ತಕವೊಂದಿತ್ತು. ಅವಳ ಅಜ್ಜಿ ಬೀಯಮ್ಮ ಅದನ್ನು ತಿರುಗಿಸಿ ನೋಡಿದರು, ಅಲ್ಲಾಡಿಸಿ ನೋಡಿದರು. ಒಳಗಿನಿಂದ ಏನೂ ಬೀಳಲಿಲ್ಲ. ಸೀದಾ ವೇದಿಕೆಯ ಬುಡಕ್ಕೆ ಬಂದರು.

"ಮಾಸ್ಟ್ರೇ, ತಟ್ಟೆ ಎಲ್ಲಿ?"

"ನಾಲ್ಕನೇ ಕ್ಲಾಸಿನವರೆಗೆ ಈ ಸಲ ಪುಸ್ತಕ, ಬೀಯಮ್ಮ. ಇದನ್ನು ನೋಡಿ ಈಜ್ಲಿಕ್ಕೆ ಕಲಿಯಬಹುದು."

"ಎಲ್ಲಿ ಈಜುವುದು? ನಮ್ಮ ಬಾವಿಯಲ್ಲಾ?"

ಸಭೆ ಗೊಳ್ಳೆಂದಿತು. ಮಾಸ್ಟ್ರಿಗೆ ರೋಷ ಬಂತು. "ನೀರೇ ಬೇಡ, ನೋಡಿ!" ಎಂದು ಎರಡು ಬೆಂಚುಗಳನ್ನು ಜೋಡಿಸಿ, ಅಡ್ಡಲಾಗಿ ಬೋರಲು ಮಲಗಿ, ಪುಸ್ತಕವನ್ನು ಮೂಗಿನ ಕೆಳಗೆ ಬಿಡಿಸಿಟ್ಟುಕೊಂಡು ಕೈಕಾಲು ಬಡಿಯತೊಡಗಿದರು. ಮೂರನೇ ಒದೆತಕ್ಕೆ ಬೆಂಚುಗಳ ದಾಂಪತ್ಯ ಮುರಿಯಿತು. ಒಂದು ಪೂರ್ವಕ್ಕೆ ಹೋಯಿತು, ಇನ್ನೊಂದು ಪಶ್ಚಿಮಕ್ಕೆ. ನಡುವೆ ಮಾಸ್ಟ್ರು ಕಾಣೆಯಾದರು. ಪುಸ್ತಕ ಮಾತ್ರ ಬೆಂಚಿನ ಮೇಲೆ ಕ್ಷೇಮವಾಗಿತ್ತು.

"ಬಾ ಮಗಳೇ, ಹೋಗುವ," ಎಂದರು ಬೀಯಮ್ಮ. "ಮೊದಲು ಮಾಸ್ಟ್ರು ಕಲೀಲಿ."

ರುಕ್ಮಯ್ಯ ವಿಟ್ಲದ ಕಡೆಯವರು, ನಮ್ಮ ಶಾಲೆಯ ಪಿ.ಟಿ. ಮಾಸ್ಟ್ರು. ಸ್ಟಾಫ್ ರೂಮಿನಲ್ಲಿ ಅವರು ಏನನ್ನಾದರೂ ಓದಿದ್ದನ್ನು ನಾವು ಉಳಿದ ಅಧ್ಯಾಪಕರು ಕಂಡವರಲ್ಲ. ಹಾಜರಿ ಪುಸ್ತಕವನ್ನೂ ಓದದೆ ಸಹಿ ಹಾಕುತ್ತಿದ್ದರು. ಹಾಗಾಗಿ ಕೆಲವು ದಿನ ನನ್ನ ಹೆಸರಿನ ಮುಂದೆ ಅವರು ಹಾಜರಿದ್ದರು. ಅಂಥವರಿಗೆ ಪುಸ್ತಕದ ಹುಚ್ಚು ಹಿಡಿಸಿದ್ದು ಚಿಕ್ಕ ಮಕ್ಕಳು. ಮಳೆಗಾಲದಲ್ಲಿ ಮೈದಾನಕ್ಕೆ ಇಳಿಯಲಾಗದ ಪೀರಿಯಡ್‌ಗಳಲ್ಲಿ ಮಕ್ಕಳು ಅವರ ಸುತ್ತ ಕೂತು ಪ್ರಶ್ನೆ ಕೇಳುತ್ತಿದ್ದರು. ಓಡುವಾಗ ಹೊಟ್ಟೆಯ ಬದಿ ಯಾಕೆ ಚುಚ್ಚುತ್ತದೆ? ಚೆಂಡಿನೊಳಗೆ ಎಂತ ಉಂಟು? ಸೋತವನ ಹತ್ತಿರ ಯಾಕೆ ಕೈ ಕುಲುಕಬೇಕು? ಮೂವತ್ತು ವರ್ಷ ಸೀಟಿ ಊದಿದ ಬಾಯಿಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. "ಕತೆ ಪುಸ್ತಕದಲ್ಲಿ ಇದು ಇಲ್ಲ ಮಾರಾಯ್ರೆ, ನಿಜದ ಪುಸ್ತಕ ಬೇಕು," ಎಂದು ಅವರು ಗೊಣಗತೊಡಗಿದ್ದು ಆಗಿನಿಂದ.

ಆಟ ಗೆದ್ದವರಿಗೆ ಪುಸ್ತಕ ಕೊಡುವುದು ನನಗೇನೂ ಹೊಸತಲ್ಲ. ನಾನು ಕಲಿತ ಕಾನ್ವೆಂಟಿನಲ್ಲಿ ಲಿಂಬೆ-ಚಮಚದ ಓಟ ಗೆದ್ದರೆ ಯಾರಾದರೊಬ್ಬ ಹುತಾತ್ಮರ ಚರಿತ್ರೆ ಸಿಗುತ್ತಿತ್ತು. ಮುಂದಿನ ವರ್ಷ ಬೇಕೆಂದೇ ಲಿಂಬೆ ಬೀಳಿಸುತ್ತಿದ್ದೆವು. ಆದರೆ ನಮ್ಮ ಊರಿನಲ್ಲಿ ಓಟಕ್ಕೂ ಊಟಕ್ಕೂ ನೇರ ಸಂಬಂಧ. ಓಡಿದರೆ ತಟ್ಟೆ, ಹಾರಿದರೆ ಲೋಟ. ಅವುಗಳ ಅಂಚಿನಲ್ಲಿ 'ಕೊಡುಗೆ: ಅಬ್ದುಲ್ ಶುಕೂರ್' ಎಂದು ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು. ಶುಕೂರ್ ಸಾಹೇಬರು ಹನ್ನೆರಡು ವರ್ಷ ದುಬೈಯಲ್ಲಿದ್ದು ಬಂದು ಮಡಂತ್ಯಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು, ಶಾಲಾ ಸಮಿತಿಯ ಅಧ್ಯಕ್ಷರು.

ಬೆಂಚಿನ ಪ್ರಕರಣದ ಮರುವಾರ ಸಮಿತಿ ಸೇರಿತು.

"ಮಾಸ್ಟ್ರೇ, ತಟ್ಟೆಯಲ್ಲಿ ಅನ್ನ ಖಾಲಿ ಆದ ಹಾಗೆ ನನ್ನ ಹೆಸರು ಕಾಣ್ತದೆ," ಎಂದರು ಶುಕೂರ್ ಸಾಹೇಬರು. "ಪುಸ್ತಕ ಯಾರು ಬಿಡಿಸ್ತಾರೆ? ನನ್ನ ಹೆಸರು ಒಳಗೇ ಉಸಿರು ಕಟ್ಟಿ ಸಾಯ್ತದೆ."

"ಬಿಡಿಸ್ತಾರೆ ಸಾಹೇಬ್ರೇ. ತಪ್ಪು ನನ್ನದು. ಅಂಗಡಿಯವ ಕಟ್ಟಿ ಕೊಟ್ಟ ಕಟ್ಟನ್ನು ಹಾಗೆಯೇ ತಂದೆ. ಹಿಮದ ಮೇಲೆ ಜಾರುವ ಆಟದ ಪುಸ್ತಕ ಒಂದನೇ ಕ್ಲಾಸಿನ ಅಮಲ್‌ಗೆ ಹೋಯಿತು. ಅವ ಫ್ರಿಜ್ಜಿನ ಒಳಗೆ ಕಾಲಿಟ್ಟನಂತೆ."

"ಹಾಗಾದರೆ ತಟ್ಟೆಯೇ ಆಗಲಿ ಅಲ್ಲವಾ?"

"ಒಂದು ವರ್ಷ ಕೊಡಿ. ಈ ಸಲ ಕೊಟ್ಟ ಹತ್ತು ಪುಸ್ತಕ ವಾಪಸು ತೆಗೊಂಡು ಬೇರೆ ಆರಿಸಿ ಕೊಡ್ತೇನೆ. ಮುಂದಿನ ಕ್ರೀಡೋತ್ಸವದಲ್ಲಿ ಆ ಹತ್ತು ಮಕ್ಕಳನ್ನು ಮೈಕಿನ ಎದುರು ನಿಲ್ಲಿಸಿ ನೀವೇ ಕೇಳಿ. ಓದಿದ್ದರಲ್ಲಿ ಒಂದೊಂದು ವಿಷಯ ಹೇಳ್ಲಿ. ಒಬ್ಬ ತಪ್ಪಿದರೂ ತಟ್ಟೆ. ಮತ್ತೆ ನಾನು ಪುಸ್ತಕದ ಸುದ್ದಿ ಎತ್ತುವುದಿಲ್ಲ."

ಸಾಹೇಬರು ಒಪ್ಪಿದರು. ಒಬ್ಬರಾದರೂ ತಪ್ಪಿಯೇ ತಪ್ಪುತ್ತಾರೆ ಎಂಬ ಭರವಸೆ ಅವರಿಗಿತ್ತು. ನಮಗೂ ಇತ್ತು.

ಒಂಬತ್ತು ಮಕ್ಕಳು ಸಂತೋಷದಿಂದ ಪುಸ್ತಕ ವಾಪಸು ಕೊಟ್ಟರು. ಶಬ್ನಾ ಮಾತ್ರ ಕೊಡಲಿಲ್ಲ. "ನಾನು ಗೆದ್ದದ್ದು," ಎಂದಳು. ಬಾವಿ ಬಿಟ್ಟರೆ ನೀರಿಲ್ಲದ ಮನೆಯ ಹುಡುಗಿಗೆ ಈಜಿನ ಪುಸ್ತಕ! ಹತ್ತನೆಯ ವಿಕೆಟ್ ಅಲ್ಲಿಯೇ ಬಿತ್ತೆಂದು ಮಾಸ್ಟ್ರು ನಿಟ್ಟುಸಿರು ಬಿಟ್ಟರು.

ಉಳಿದ ಒಂಬತ್ತಕ್ಕಾಗಿ ಶನಿವಾರದ ಅರ್ಧ ದಿನದ ಶಾಲೆ ಮುಗಿದೊಡನೆ ಬಸ್ಸು ಹತ್ತಿ ಮೂಡುಬಿದಿರೆಗೆ ಹೋಗುವ ಅಭ್ಯಾಸ ಶುರುವಾಯಿತು. ಒಂದು ಸಲ ನಾನೂ ಜೊತೆಗಿದ್ದೆ. ಪುಸ್ತಕ ಆರಿಸುವ ಅವರ ಕ್ರಮ ಕಂಡು ಅಂಗಡಿಯ ಕೇಶವಪ್ರಸಾದ ಗಲ್ಲಾ ಬಿಟ್ಟು ಎದ್ದು ನಿಂತಿದ್ದ. ಮಾಸ್ಟ್ರು ಪುಸ್ತಕವನ್ನು ಸ್ಟೂಲಿನ ಮೇಲಿಟ್ಟು, ಪಂಚೆ ಎತ್ತಿಕಟ್ಟಿ, ಅದರಲ್ಲಿ ಬರೆದಂತೆಯೇ ಕೈಕಾಲು ಆಡಿಸುತ್ತಿದ್ದರು. ಆಡಿಸಲು ಬಂದರೆ ಪುಸ್ತಕ ಪಾಸು.

"ಮಾಸ್ಟ್ರೇ, ಇದು ಪುಸ್ತಕದಂಗಡಿ, ಗರಡಿ ಅಲ್ಲ," ಎಂದ ಕೇಶವಪ್ರಸಾದ.

"ಈ ಪುಸ್ತಕ ಬರೆದವನಿಗೆ ಎರಡೂ ಗೊತ್ತಿಲ್ಲ ಮಾರಾಯ. ಇವ ಹೇಳಿದ ಹಾಗೆ ಗುಂಡು ಎಸೆದರೆ ನನ್ನ ಕಾಲಿಗೇ ಬೀಳ್ತದೆ."

ಎರಡನೆಯ ಪರೀಕ್ಷೆ ಚಿತ್ರಗಳದ್ದು. ಒಂದು ಕಬಡ್ಡಿ ಪುಸ್ತಕದ ಚಿತ್ರದಲ್ಲಿ ಒಂದು ಕಡೆ ಎಂಟು ಜನರಿದ್ದರು. "ಎಂಟನೆಯವ ನೋಡ್ಲಿಕ್ಕೆ ಬಂದವ ಇರಬಹುದು," ಎಂದು ಕೇಶವಪ್ರಸಾದ ವಾದಿಸಿದ. ಮಾಸ್ಟ್ರು ಕೇಳಲಿಲ್ಲ. ರಿಲೇ ಪುಸ್ತಕದ ಹುಡುಗನೊಬ್ಬನಿಗೆ ಎರಡೂ ಎಡಗಾಲು, ಅವನೂ ಹೊರಗೆ. ಆಟಗಾರರ ಜೀವನಚರಿತ್ರೆಗಳಿಗೆ ಮತ್ತೂ ಕಠಿಣ ನಿಯಮ: ಮೊದಲ ಪುಟದಲ್ಲಿಯೇ ಬೆಳಿಗ್ಗೆ ನಾಲ್ಕಕ್ಕೆ ಏಳುವವರು ಬೇಡ. "ಮಕ್ಕಳು ಹೆದರಿ ಆಟವನ್ನೇ ಬಿಡ್ತಾರೆ."

ಕೊನೆಯ ಪರೀಕ್ಷೆ ಶಾಲೆಯ ಮೈದಾನದಲ್ಲಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಂದೊಂದು ಸಾಲು ಗಟ್ಟಿಯಾಗಿ ಓದುವುದು. "ಕ್ರೀಡಾಪಟುವು ತನ್ನ ದಕ್ಷಿಣ ಪಾದವನ್ನು ಮುಂದಿಡತಕ್ಕದ್ದು" ಎಂದು ಓದಿದ ದಿನ ಮೂರನೇ ಕ್ಲಾಸು ಇಡಿಯಾಗಿ ದಕ್ಷಿಣಕ್ಕೆ ತಿರುಗಿ ನಿಂತಿತು. ಮನೆಯಲ್ಲಿ ತುಳು, ಬ್ಯಾರಿ ಮಾತಾಡುವ ಮಕ್ಕಳು. ದಕ್ಷಿಣ ಎಂದರೆ ಅವರಿಗೆ ಗೊತ್ತಿದ್ದದ್ದು ಜಿಲ್ಲೆ ಮತ್ತು ದಿಕ್ಕು, ಬಲಗಾಲಲ್ಲ. ಆ ಪುಸ್ತಕ ಮುಂದಿನ ಶನಿವಾರ ಮೂಡುಬಿದಿರೆಗೆ ಮರಳಿತು.

ಜೂನ್‌ನಲ್ಲಿ ಶಾಲೆ ತೆರೆಯುವಾಗ ಒಂಬತ್ತು ಪುಸ್ತಕಗಳು ಒಂಬತ್ತು ಮನೆ ಸೇರಿದವು. ಮಳೆಗಾಲದ ಪಿ.ಟಿ. ಪೀರಿಯಡ್‌ಗಳಲ್ಲಿ ಈಗ ಮಕ್ಕಳು ಹೇಳುವುದು, ಮಾಸ್ಟ್ರು ಕೇಳುವುದು. ಶಬ್ನಾ ಮಾತ್ರ ಮೂಲೆಯಲ್ಲಿ ತುಟಿ ಬಿಗಿದು ಕೂರುತ್ತಿದ್ದಳು. ಕೇಳಿದರೆ "ಮೈಕಿನಲ್ಲಿ ಹೇಳ್ತೇನೆ" ಎಂಬ ಒಂದೇ ಉತ್ತರ.

ಡಿಸೆಂಬರ್ ಬಂತು. ಶುಕೂರ್ ಸಾಹೇಬರು ಮೈಕಿನ ಮುಂದೆ ಕುರ್ಚಿ ಹಾಕಿಸಿ ಕೂತರು. ಬೀಯಮ್ಮ ಮೊದಲ ಸಾಲಿನಲ್ಲಿದ್ದರು, ದೊಡ್ಡದೊಂದು ಚೀಲದ ಸಮೇತ. ತಟ್ಟೆ ಹಿಡಿಯುವಷ್ಟು ದೊಡ್ಡದು.

"ಓಡುವಾಗ ಹೊಟ್ಟೆ ಚುಚ್ಚಿದರೆ ನಿಧಾನ ನಡೆದು ಉಸಿರು ಬಿಡಬೇಕು," ಎಂದ ಅಮಲ್.

"ಕಬಡ್ಡಿಯಲ್ಲಿ ಒಂದು ಕಡೆ ಏಳು ಜನ," ಎಂದಳು ಅಶ್ವಿತಾ. "ನಮ್ಮ ಶಾಲೆಯಲ್ಲಿ ಮಾತ್ರ ಹದಿನೈದು."

ಒಂಬತ್ತೂ ಮಕ್ಕಳು ಹೇಳಿದರು. ಪ್ರತಿ ಉತ್ತರಕ್ಕೂ ಸಾಹೇಬರು ಕುರ್ಚಿಯಲ್ಲಿ ಒಂದೊಂದು ಇಂಚು ಕೆಳಗೆ ಜಾರುತ್ತಿದ್ದರು. ಹತ್ತನೆಯವಳಾಗಿ ಶಬ್ನಾ ಬಂದಾಗ ಮಾತ್ರ ಸೆಟೆದು ಕೂತರು. ಮಾಸ್ಟ್ರು ಕಣ್ಣು ಮುಚ್ಚಿಕೊಂಡರು.

"ನೀನು ಎಂತ ಓದಿದ್ದು ಮಗಳೇ?"

"ಈಜುವುದು. ಬಾಯಿಯಿಂದ ಉಸಿರು ತೆಗೋಬೇಕು, ನೀರಿನ ಒಳಗೆ ಬಿಡಬೇಕು. ದೊಡ್ಡವರು ಇಲ್ಲದೆ ನೀರಿಗೆ ಇಳಿಯಬಾರದು. ಮತ್ತೆ, ನೆಲದಲ್ಲಿ ಕಲಿಯುವುದಾದರೆ ಒಂದೇ ಬೆಂಚಿನ ಮೇಲೆ ಮಲಗಬೇಕು ಅಂತ ಪುಸ್ತಕದಲ್ಲಿ ಉಂಟು. ಎರಡು ಬೇಡ."

ಮೈಕ್ ಕುಂಯ್ ಎಂದಿತು. ಆಮೇಲೆ ಬಿದ್ದ ಚಪ್ಪಾಳೆಗೆ ಶಾಮಿಯಾನ ಅಲ್ಲಾಡಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಬೀಯಮ್ಮ. ತಿಂಗಳುಗಟ್ಟಲೆ ಬೆವರು ಸುರಿಸಿ ಆರಿಸಿದ ಒಂಬತ್ತು ಪುಸ್ತಕಗಳ ಮಾನ ಕಾಪಾಡಿದ್ದು, ಆರಿಸದೆಯೇ ಬಂದಿದ್ದ ಹತ್ತನೆಯದು.

ಹೆಡ್‌ಮಿಸ್ಟ್ರೆಸ್ ಶ್ರೀಮತಿ ಟೀಚರ್ ಮೈಕ್ ಹಿಡಿದು, ನಮ್ಮ ರುಕ್ಮಯ್ಯನವರು ಪುಸ್ತಕಕ್ಕಾಗಿಯೇ ಹುಟ್ಟಿದವರು, ಪಾತ್ರೆಯ ಮೋಹದಿಂದ ಊರನ್ನು ಬಿಡಿಸಿದವರು ಎಂದು ಭಾಷಣ ಮಾಡಿದರು. ಶುಕೂರ್ ಸಾಹೇಬರು ದೊಡ್ಡ ಮನಸ್ಸಿನಿಂದ ಸೋಲೊಪ್ಪಿಕೊಂಡರು. ಇನ್ನು ಮುಂದೆ ಸಣ್ಣವರು, ದೊಡ್ಡವರು, ಎಲ್ಲರಿಗೂ ಪುಸ್ತಕವೇ ಎಂದು ಘೋಷಿಸಿದರು. ತಮ್ಮ ಹೆಸರಿಗೆ ಒಂದು ರಬ್ಬರ್ ಸೀಲು ಮಾಡಿಸುವುದಾಗಿಯೂ, ಅದನ್ನು ಪುಟಪುಟಕ್ಕೂ ಒತ್ತಿಸುವುದಾಗಿಯೂ ಸೇರಿಸಿದರು.

ಉಳಿದದ್ದು ಅಧ್ಯಾಪಕರ ಓಟ. ಅದರಲ್ಲಿ ನಾವೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ಓಡುವವರು. ಕ್ಯಾನ್ವಾಸ್ ಶೂ ಹಾಕಿ ಓಡುವವರು ಮಾಸ್ಟ್ರು ಒಬ್ಬರೇ. ಐದು ವರ್ಷದಿಂದ ಗೆಲ್ಲುವವರೂ ಅವರೇ.

"ಮಾಸ್ಟ್ರೇ, ಈ ಸಲವೂ ನೀವೇ ಗೆಲ್ಲುವುದು, ಅದರಲ್ಲಿ ಸಂಶಯ ಇಲ್ಲ," ಎಂದರು ಸಾಹೇಬರು ಮೈಕಿನಲ್ಲಿಯೇ. "ನಿಮಗೆ ಯಾವ ಪುಸ್ತಕ ತರಿಸುವ? ಎಲ್ಲರ ಎದುರೇ ಹೇಳಿ."

ಊರಿಗೆ ಊರೇ ಕಿವಿಯಾಯಿತು. ರುಕ್ಮಯ್ಯ ಮಾಸ್ಟ್ರು ಬಾಯಿಯಿಂದ ಸೀಟಿ ತೆಗೆದರು.

"ನನಗೆ ತಟ್ಟೆಯೇ ಇರ್ಲಿ ಸಾಹೇಬ್ರೇ. ಮನೆಯಲ್ಲಿ ನಿಮ್ಮ ಹೆಸರಿನದ್ದು ಐದು ಉಂಟು. ಇದೊಂದು ಬಂದ್ರೆ ಅರ್ಧ ಡಜನ್ ಆಗ್ತದೆ."