ಕೊನೆಯ ಹದಿನಾರು ಪುಟ

ಕುಮಟೆಯ ಕಾಲೇಜಿನಲ್ಲಿ ನಾನು ಗ್ರಂಥಪಾಲಕನಾಗಿದ್ದಾಗ ಪುಸ್ತಕಗಳೆಲ್ಲ ಗಾಜಿನ ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ಕೂತಿರುತ್ತಿದ್ದವು. ಕೀಲಿಕೈ ನನ್ನ ಜನಿವಾರದಲ್ಲಿ. ಪುಸ್ತಕ ಕೇಳಿಕೊಂಡು ಬಂದವರನ್ನು ಅರ್ಧ ಕಳ್ಳರೆಂದೇ ನೋಡುವುದು ನನ್ನ ಅಭ್ಯಾಸ. ಹುಡುಗರು ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಿದ್ದರೋ ಅದೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಅರವತ್ತರ ದಶಕದ ನಡುವೆ ಇಂಥ ನನ್ನನ್ನು ಆರು ತಿಂಗಳ ಮಟ್ಟಿಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕಳಿಸಿದರು. ಅಲ್ಲಿಯವರೊಬ್ಬರು ನಮ್ಮ ದೇಶಕ್ಕೆ, ನಾನು ಅಲ್ಲಿಗೆ. ಒಬ್ಬರ ಕೆಲಸ ಇನ್ನೊಬ್ಬರು ನೋಡಿ ಕಲಿಯಬೇಕೆಂಬುದು ಉದ್ದೇಶ.

ನನಗೆ ಬರುತ್ತಿದ್ದ ದೊಡ್ಡ ವಿದ್ಯೆಯೆಂದರೆ ಹರಿದ ಪುಸ್ತಕ ರಿಪೇರಿ ಮಾಡಿಸುವುದು. ಪ್ರತಿ ಬೇಸಿಗೆ ರಜೆಯಲ್ಲಿ ಅವನ್ನು ಗಂಟು ಕಟ್ಟಿ ಮನೆಗೆ ತರುತ್ತಿದ್ದೆ. ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಯಬೇಕು. ಮೈದಾ ಅಂಟು ಕಾಸುವವಳು, ದಬ್ಬಣ ಹಿಡಿದು ಹೊಲಿಯುವವಳು ನನ್ನ ಹೆಂಡತಿ. ಅವಳ ತವರು ಸಂತೆಗುಳಿ. ಅಡಿಕೆಗೆ ಹೊಡೆಯುವ ಮೈಲುತುತ್ತವನ್ನು ಅಂಟಿಗೆ ಚಿಟಿಕೆಯಷ್ಟು ಹಾಕಿದರೆ ಹುಳು ಹತ್ತಿರ ಸುಳಿಯುವುದಿಲ್ಲ ಎಂದು ಕಂಡುಹಿಡಿದವಳೂ ಅವಳೇ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಮದುವೆಯಾದ ಹೊಸದರಲ್ಲಿ ಒಮ್ಮೆ, ಹೊಲಿದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, “ಇದ್ನ ಓದ್ಲಾ?” ಎಂದು ಕೇಳಿದ್ದಳು.

“ಕಾಲೇಜಿನ ಸೊತ್ತು ಅದು. ಹೊಲಿಯಲೆ ತಂದಿದ್ದು, ಓದಲೆ ಅಲ್ಲ” ಅಂದಿದ್ದೆ.

ಮತ್ತೆ ಅವಳು ಕೇಳಲಿಲ್ಲ. ಕೇಳದೆಯೂ ಓದಬಹುದೆಂಬುದು ನನ್ನ ಮಂಡೆಗೆ ಹೊಳೆಯಲೂ ಇಲ್ಲ.

ಇಂಗ್ಲೆಂಡಿನ ಆ ಗ್ರಂಥಾಲಯದ ಕಪಾಟುಗಳಿಗೆ ಬಾಗಿಲೇ ಇರಲಿಲ್ಲ. ಮೊದಲ ವಾರವೆಲ್ಲ ಓದುಗರ ಕೈಗಳನ್ನೇ ನೋಡುತ್ತ ಕೂತೆ. ಅಲ್ಲಿಯ ಮುಖ್ಯಸ್ಥೆ ನಿವೃತ್ತಿಗೆ ಹತ್ತಿರವಾದ, ಮಾತು ಕಡಿಮೆಯ ಹೆಂಗಸು. ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. “ಕಳ್ಳರನ್ನು” ಎಂದೆ. “ಸಿಕ್ಕರೆ ನನಗೂ ತೋರಿಸಿ” ಎಂದು ಹೇಳಿ ಹೋದರು. ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ.

ಎರಡನೆಯ ತಿಂಗಳಲ್ಲಿ ಹೆಂಡತಿಯ ಕಾಗದ ಬಂತು. ಮಗಳ ಕೆಮ್ಮು, ಎಮ್ಮೆ ಕರು ಹಾಕಿದ್ದು, ಧಾರೇಶ್ವರದಲ್ಲಿ ಪೂಜೆ ಮಾಡಿಸಿದ್ದು ಎಲ್ಲ ಬರೆದು, ಕೊನೆಯಲ್ಲಿ ಉಳಿದ ಅಂಗುಲ ಜಾಗದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಹೀಗೆ ಬರೆದಿದ್ದಳು:

“ಸಿಟ್ಟು ಮಾಡಬೇಡಿ. ಮೂರು ವರ್ಷದ ಹಿಂದೆ ನಾನು ಹೊಲಿದ ಕೆಂಪು ರಟ್ಟಿನ ಕಾದಂಬರಿಗೆ ಕೊನೆಯ ಹದಿನಾರು ಪುಟ ಇರಲಿಲ್ಲ. ಗಂಡನ ಮನೆ ಬಿಟ್ಟು ಹೊರಟವಳು ಹೊಳೆಯ ದಡದಲ್ಲಿ ದೋಣಿಗೆ ಕಾಯುತ್ತ ನಿಂತಿದ್ದಾಳೆ, ಅಲ್ಲಿಗೆ ಹರಿದಿದೆ. ಅವಳಿಗೆ ಎಂತ ಆತು? ನೀವಿರುವುದು ದೊಡ್ಡ ಲೈಬ್ರರಿ, ಅಲ್ಲಿ ಎಲ್ಲ ಪುಸ್ತಕವೂ ಇದ್ದೀತು. ನೋಡಿ ತಿಳಿಸಿ.”

ಮೊದಲು ನಗು ಬಂತು. ಕುಮಟೆಯಲ್ಲಿ ಕಳೆದ ಕನ್ನಡದ ಹಾಳೆಯನ್ನು ಇಂಗ್ಲೆಂಡಿನಲ್ಲಿ ಹುಡುಕುವುದೇ! ಆಮೇಲೆ ನಾಚಿಕೆಯಾಯಿತು. ಅಷ್ಟೂ ಬೇಸಿಗೆ ಅವಳು ನನ್ನ ಕಣ್ಣೆದುರೇ ಕೂತು ಓದಿದ್ದಳು, ಅದೂ ಹರಿದದ್ದನ್ನು ಮಾತ್ರ. ಹರಿಯದ ಪುಸ್ತಕವನ್ನು ನಾನು ಮನೆಗೆ ತಂದದ್ದೇ ಇಲ್ಲ.

ಚಹಾದ ಹೊತ್ತಿನಲ್ಲಿ ಮುಖ್ಯಸ್ಥೆಗೆ ಇದನ್ನು ತಮಾಷೆಯ ಸಂಗತಿಯೆಂಬಂತೆ ಹೇಳಿದೆ. ಅವರು ಕಪ್ಪು ಕೆಳಗಿಟ್ಟು ಎದ್ದು ಹೋಗಿ, ಬೇರೆ ಗ್ರಂಥಾಲಯದಿಂದ ಪುಸ್ತಕ ತರಿಸುವ ಫಾರ್ಮು ತಂದು ನನ್ನ ಮುಂದಿಟ್ಟರು. ಕೆಂಪು ರಟ್ಟಿನ ಆ ಪುಸ್ತಕ ಯಾವುದೆಂದು ನನಗೆ ನೆನಪಿತ್ತು, ಅದರ ಹೆಸರು ತುಂಬಿದೆ. ಓದುಗರ ಹೆಸರು ಎಂಬಲ್ಲಿ ನನ್ನ ಹೆಸರು ಬರೆದೆ. ಅದನ್ನು ಹೊಡೆದುಹಾಕಿದರು.

“ಕೇಳಿದವರು ನೀವಲ್ಲವಲ್ಲ.”

“ಅವಳು ಇಲ್ಲಿಯ ಸದಸ್ಯಳಲ್ಲ. ನಮ್ಮಲ್ಲಿಯೂ ಅಲ್ಲ” ಎಂದೆ.

“ಹದಿನಾರು ಪುಟಕ್ಕಾಗಿ ಮೂರು ವರ್ಷ ಕಾದಿದ್ದಾರೆ. ಓದುಗರೆನ್ನಲು ಇನ್ನೇನು ಬೇಕು?”

ಬರೆದೆ. ಮನೆಯಲ್ಲಿ ನಾನು ಅವಳನ್ನು ಹೆಸರು ಹಿಡಿದು ಕರೆದವನಲ್ಲ. ರಿಜಿಸ್ಟರುಗಳಲ್ಲಿ ಸಾವಿರಾರು ಹೆಸರು ಗೀಚಿದ ಕೈ ಆ ಒಂದು ಹೆಸರು ಬರೆಯಲು ತಡವರಿಸಿತು.

ಐದು ವಾರದ ಮೇಲೆ ಲಂಡನ್ನಿನಿಂದ ಪುಸ್ತಕ ಬಂತು. ಒಂದು ಪುಟವೂ ಕಳೆದಿರಲಿಲ್ಲ. ಹೊರಗೆ ಒಯ್ಯುವಂತಿರಲಿಲ್ಲ, ಅಲ್ಲೇ ಕೂತು ನೋಡಬೇಕು. ಕೆಲಸ ಮುಗಿದ ಮೇಲೆ ದಿನಕ್ಕೆ ನಾಲ್ಕು ಪುಟದಂತೆ ಕೈಬರಹದಲ್ಲಿ ನಕಲು ಮಾಡುತ್ತ ಹೋದೆ. ಮುಂದೆ ಏನಾಗುತ್ತದೆಂದು ಮೊದಲೇ ಇಣುಕಿ ನೋಡಲಿಲ್ಲ. ಅವಳೇ ಇನ್ನೂ ಓದಿಲ್ಲವಲ್ಲ ಎನಿಸುತ್ತಿತ್ತು. ನಾಲ್ಕನೆಯ ದಿನ ತಿಳಿಯಿತು. ದೋಣಿ ಬರಲಿಲ್ಲ. ಆ ಹೆಂಗಸು ಹೊಳೆಗೆ ಹಾರಿದಳು.

ಪೆನ್ನು ಕೆಳಗಿಟ್ಟೆ. ಎರಡು ವಾಕ್ಯ ತಿರುಚಿದರೆ ಯಾರಿಗೆ ಗೊತ್ತಾಗಬೇಕು? ಸಮುದ್ರದಾಚೆ ಒಂಟಿಯಾಗಿರುವವಳಿಗೆ ಇಂಥದ್ದನ್ನು ಕಳಿಸುವುದು ಹೇಗೆ? ಆದರೆ ಮೊದಲು ಓದಲು ಬಿಡದೆ, ಈಗ ಓದಿದ್ದನ್ನೂ ಸುಳ್ಳು ಮಾಡಿದರೆ ನಾನು ಮನುಷ್ಯನಲ್ಲ. ಇದ್ದದ್ದು ಇದ್ದ ಹಾಗೆ ಬರೆದು ಮುಗಿಸಿ, ಅಂಚೆಗೆ ಹಾಕಿದೆ. ಉತ್ತರ ಬರುವತನಕ ನನಗೆ ಊಟ ರುಚಿಸಲಿಲ್ಲ.

ಉತ್ತರ ಬಂತು. ಈ ಸಲ ಮಗಳು, ಎಮ್ಮೆ ಯಾವುದೂ ಇಲ್ಲ.

“ಕಾಗದ ಮುಟ್ಟಿತು. ಒಂದು ಚಿತ್ತುಕಾಟೂ ಇಲ್ಲದೆ ಬರೆದಿದ್ದೀರಿ, ಎಷ್ಟು ಕಷ್ಟವಾಯಿತೋ. ಓದಿ ಆತು. ಬರೆದವರಿಗೆ ಹೊಳೆ ಗೊತ್ತಿಲ್ಲ. ಅವರು ಹೊಳೆಯ ನಡುವಿನ ಮಾವಿನಕುರ್ವೆಗೆ ಹೋಗಿ ನೋಡಲಿ, ದಡದಲ್ಲಿ ನಿಂತು ಕೂಗಿದರೆ ದೋಣಿ ಬಂದೇ ಬರುತ್ತದೆ. ಮೂರು ವರ್ಷದ ಹಿಂದೆಯೇ ನಾನು ಅವಳನ್ನು ದೋಣಿ ಹತ್ತಿಸಿ ತವರಿಗೆ ಕಳಿಸಿ ಆಗಿತ್ತು. ಸರಿಯಾಗಿ ಮುಟ್ಟಿದಳೋ ಇಲ್ಲವೋ ಎಂದು ತಿಳಿಯಲು ನಿಮ್ಮನ್ನು ಕೇಳಿದೆ, ಅಷ್ಟೇ. ಮುಟ್ಟಿದ್ದಾಳೆ. ಅಲ್ಲೇ ಇರಲಿ.”