ವಸ್ತಾದರ ಬಲಗಿವಿ

ಅವರ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು. ತಂತಿಯ ಮೇಲಿನ ಪ್ಲಾಸ್ಟಿಕ್ ಸುಲಿಯುವ ಇಕ್ಕಳ ಪಕ್ಕದಲ್ಲೇ ಬಿದ್ದಿದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. ತಂತಿಯನ್ನು ಬಾಯಿಗೆ ಕೊಟ್ಟು, ತಲೆಯನ್ನು ಒಮ್ಮೆ ಝಾಡಿಸಿ, ಸಿಪ್ಪೆಯನ್ನು ಥೂ ಎಂದು ಉಗಿಯುತ್ತಿದ್ದರು. ವರ್ಷಗಟ್ಟಲೆ ಹಾಗೆ ಮಾಡಿ ಮಾಡಿ ಹಲ್ಲು ಸವೆದು, ತಂತಿ ಸರಿಯಾಗಿ ಕೂರುವಂಥ ಕಚ್ಚು ಬಿದ್ದಿತ್ತು. ಬೈಯುವಾಗ ಆ ಸಂದಿಯಿಂದ ಸಣ್ಣದೊಂದು ಸಿಳ್ಳು ಹೊರಡುತ್ತಿತ್ತು. ಅವರು ಬೈಯದ ದಿನವನ್ನು ನಾನು ನೋಡಿಲ್ಲ.

ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಉಳ್ಳವರ ಮನೆಯೊಳಗೆ ಥೇಟರ್ ಕಟ್ಟಿಕೊಡುವುದು ಕಸುಬು. ಗರಡಿಮನೆಯ ಗುರುವಿಗೆ ನಮ್ಮ ಕಡೆ ವಸ್ತಾದ ಅನ್ನುತ್ತಾರೆ. ಜನ್ಮದಲ್ಲಿ ಕುಸ್ತಿ ಆಡದ ಇವರನ್ನೂ ಬಜಾರದವರು ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಸತ್ತವರ ಬಗ್ಗೆ ಬರೆಯುವಾಗ ನಾಲ್ಕು ಒಳ್ಳೆಯ ಮಾತು ಬರೆಯಬೇಕಂತೆ. ಅಂಥ ಮಾತಿಗೆ ತಕ್ಕ ಮನುಷ್ಯ ಅವರಲ್ಲ, ಅಷ್ಟು ದೊಡ್ಡ ಮನಸ್ಸು ನನಗೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು ಹತ್ತಿ ಹಿಂಜಿ ಗಾದಿ ತುಂಬುವ ಮನೆತನ. ಫೋಮಿನ ಗಾದಿ ಬಂದ ಮೇಲೆ ಆ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ನಾನು ಗಂಡನ ಮನೆ ಬಿಟ್ಟು ತವರಿಗೆ ಬಂದು ಕೂತಿದ್ದೆ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಏನೂ ಅನ್ನದಿದ್ದರೂ ನನ್ನ ತಾಟಿಗೆ ರೊಟ್ಟಿ ಬೀಳುವ ಸಪ್ಪಳದಲ್ಲೇ ಎಲ್ಲ ತಿಳಿಯುತ್ತಿತ್ತು. ಆಗ ವಸ್ತಾದರು ಅಬ್ಬಾನನ್ನು ಹುಡುಕಿಕೊಂಡು ಬಂದರು. ಥೇಟರ್ ಕೋಣೆಯ ಗೋಡೆಗೆ ಸಪ್ಪಳ ಹೀರಿಕೊಳ್ಳುವ ಮೆತ್ತೆ ಬೇಕಿತ್ತು. ಕಂಪನಿಯ ಫೋಮು ನಮ್ಮ ಬೇಸಿಗೆಗೆ ಪುಡಿಯಾಗಿ ಉದುರುತ್ತದೆ, ಹಳೆ ಗಾದಿಯ ಹತ್ತಿಯನ್ನು ಮತ್ತೆ ಹಿಂಜಿ ಬಿಗಿಯಾಗಿ ತುಂಬಿದ ಮೆತ್ತೆಯೇ ಆಗಬೇಕು ಎಂಬುದು ಅವರ ಹಟ. ಅಬ್ಬಾಗೆ ಉಬ್ಬಸ. ಹಾಗಾಗಿ ನಾನು ತುಂಬಿ ಹೊಲಿದೆ. ಮೊದಲ ಮೆತ್ತೆಯನ್ನು ಗೋಡೆಗೆ ನಿಲ್ಲಿಸಿ ಅದರ ಮುಂದೆ ಒಂದು ಚಪ್ಪಾಳೆ ತಟ್ಟಿದರು.

“ಏನ್ ಕೇಳ್ತು?”

“ಏನೂ ಕೇಳ್ಲಿಲ್ರಿ.”

“ಕಿವ್ಯಾಗ ಹತ್ತಿ ಇಟಗೊಂಡೀಯೇನ್ ಬೇ? ಕೆಳಗಿನ ಮೂಲ್ಯಾಗ ಸಡ್ಲ ಐತಿ. ಬಿಚ್ಚು.”

ಬಿಚ್ಚಿದೆ, ಮತ್ತೆ ತುಂಬಿದೆ. ಅಂದಿನಿಂದ ಅಂಗಡಿಯಲ್ಲಿ ನನ್ನ ಹೆಸರು ಹತ್ತಿ ಎಂದೇ ಆಯಿತು.

ಗಿರಾಕಿಗಳನ್ನೂ ಅವರು ಬಿಡುತ್ತಿರಲಿಲ್ಲ. ಹೊಸದಾಗಿ ಮದುವೆಯಾದ ಮಾಸ್ತರನೊಬ್ಬ ಮಾವ ಕೊಟ್ಟ ಸ್ಪೀಕರ್ ಸೆಟ್ಟನ್ನು ಹೆಂಡತಿಯೊಡನೆ ಹೊತ್ತು ತಂದ. ಇವರು ತುಸು ಹೊತ್ತು ಕೇಳಿ, “ನಿಮ್ಮ ಮಾವಗ ನೀವು ಬಾಳ ಸೇರಂಗಿಲ್ಲ ಅಂತ ಕಾಣ್ತೈತಿ,” ಅಂದರು. ಆ ಹುಡುಗಿ ನಿಂತಲ್ಲೇ ಅಳತೊಡಗಿದಳು. “ಅಳೂದಿದ್ರ ಹೊರಗ ಹೋಗಿ ಅಳವಾ, ಇಲ್ಲಿ ಮೈಕ್ ಚಾಲೂ ಐತಿ,” ಅಂದರು. ಗುಮ್ಮಟದ ಊರಿನವರಿಗೆ ಧ್ವನಿಯ ಜ್ಞಾನ ಹುಟ್ಟಿನಿಂದಲೇ ಬರುತ್ತದೆ ಎಂದು ಹೊಗಳಲು ಬಂದ ಪತ್ರಿಕೆಯವನಿಗೆ, “ಒಮ್ಮಿ ಅಂದಿದ್ದನ್ನ ಏಳ್ ಸರ್ತಿ ಕೇಳಿದ್ರೂ ತಿಳೀಲಾರದ ಮಂದಿ ನಾವು, ಬರ್ಕೋ,” ಅಂದರು. ಆದರೂ ಜನ ಬರುತ್ತಿದ್ದರು. ಕೆಲಸ ಅಂಥದ್ದು.

ಒಂದು ಬೆಳಿಗ್ಗೆ ಅವರ ಮೊಬೈಲು ರಿಂಗಾಯಿತು. ಅದು ಬಲಗಡೆಯ ಮೇಜಿನ ಮೇಲಿತ್ತು. ಇವರು ಎಡಗಡೆ ಹುಡುಕುತ್ತಿದ್ದರು. ಎಡಗಡೆಯ ಹಲಗೆ, ಎಡಗಡೆಯ ಕಿಸೆ, ಎಡಗಡೆಯ ಖುರ್ಚಿಯ ಕೆಳಗೆ. ನಾನು ಸುಮ್ಮನೆ ನೋಡುತ್ತ ನಿಂತೆ. ನಾನು ನೋಡುತ್ತಿರುವುದನ್ನು ಅವರು ನೋಡಿದರು.

ಒಂದು ದಿನ ಎದ್ದಾಗ ಬಲಗಿವಿ ಸತ್ತೇ ಹೋಗಿತ್ತಂತೆ. ಸೊಲ್ಲಾಪುರದ ಡಾಕ್ಟರು, ನರ ಹೋಗಿದೆ, ಇನ್ನು ತಿರುಗಿ ಬರುವುದಿಲ್ಲ ಎಂದಿದ್ದರಂತೆ. ಒಂದೇ ಕಿವಿ ಉಳಿದವರಿಗೆ ಸಪ್ಪಳ ಕೇಳುತ್ತದೆ, ಅದರ ದಿಕ್ಕು ತಿಳಿಯುವುದಿಲ್ಲ. ಎಲ್ಲವೂ ಉಳಿದ ಕಿವಿಯ ಕಡೆಯಿಂದಲೇ ಬಂದಂತೆ ಅನಿಸುತ್ತದೆ. ಸಪ್ಪಳ ಯಾವ ದಿಕ್ಕಿನಿಂದ ಬರಬೇಕು ಎಂಬುದನ್ನೇ ಮಾರಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ಇದಾಗಬೇಕೆ! ಗೊತ್ತಾದರೆ ಯಾರು ಕೆಲಸ ಕೊಡುತ್ತಾರೆ?

“ಯಾರ ಮುಂದರ ಬಾಯಿ ಬಿಟ್ಟೀಯಂದ್ರ ನಾಲಗಿ ಕಿತ್ತ ಕೈಯಾಗ ಕೊಡ್ತೀನಿ,” ಅಂದರು. ಆಮೇಲೆ ದನಿ ತಗ್ಗಿಸಿ, “ನಾಳಿಂದ ಮೆತ್ತಿ ಹೊಲಿಯೂದು ಬಿಡು. ನನ್ನ ಬಲಕ್ಕ ಕುಂದ್ರು. ಕೇಳೂದು ಕಲಸ್ತೀನಿ,” ಅಂದರು.

ಹೀಗೆ ನಾನು ವಿದ್ಯೆ ಕಲಿತೆ. ನನ್ನ ಮೇಲಿನ ಅಕ್ಕರೆಯಿಂದ ಅಲ್ಲ, ಅವರಿಗೊಂದು ಕಿವಿ ಬೇಕಿತ್ತು ಅಂತ. ನನಗೂ ಒಂದು ಕಸುಬು ಬೇಕಿತ್ತು. ಕಣ್ಣಿಗೆ ಬಟ್ಟೆ ಕಟ್ಟಿ ಕೂಡಿಸಿ, ಸಪ್ಪಳ ಬಂದ ಕಡೆ ಬೆರಳು ತೋರಿಸು ಎನ್ನುತ್ತಿದ್ದರು. ತಪ್ಪಿದರೆ ಬೆರಳಿನ ಮೇಲೆ ಅಡಿಪಟ್ಟಿಯ ಏಟು. ಬೀದಿಯಲ್ಲಿ ನಡೆಯುವಾಗ ನಾನು ಅವರ ಬಲಕ್ಕಿರಬೇಕು, ಗಾಡಿ ಬಂದರೆ ಮೊಣಕೈ ಮುಟ್ಟಬೇಕು. ಗಿರಾಕಿಯ ಮನೆಯಲ್ಲೂ ಅದೇ ಗುಟ್ಟು: ಒಮ್ಮೆ ಮುಟ್ಟಿದರೆ ಸರಿ ಇದೆ, ಎರಡು ಸಲ ಮುಟ್ಟಿದರೆ ತಪ್ಪಿದೆ. ಅವರು ಒಂದೇ ನಿಯಮ ಹೇಳಿದ್ದರು: “ಕಿವಿಗೆ ಏನ್ ಬಿತ್ತೋ ಅದನ್ನ ಹೇಳು. ನನ್ನ ಮನಸಿಗೆ ಹಿತ ಆಗ್ಲಿ ಅಂತ ಹೇಳೀಯೋ, ಅವತ್ತ ಹೊರಗ.” ಒಮ್ಮೆ ದಣಿದು ನಿನ್ನೆಯ ಉತ್ತರವನ್ನೇ ಇವತ್ತೂ ಹೇಳಿದೆ. ಅವರು ಬೇಕಂತಲೇ ಸಪ್ಪಳದ ಜಾಗ ಬದಲಿಸಿಟ್ಟಿದ್ದರು. ನನ್ನ ಬುತ್ತಿಯ ಡಬ್ಬಿಯನ್ನು ಎತ್ತಿ ಓಣಿಗೆ ಒಗೆದರು. ನಾಯಿಗಳು ತಿನ್ನುವುದನ್ನು ಬಾಗಿಲಲ್ಲಿ ನಿಂತು ನೋಡಿದೆ.

ಅಷ್ಟರಲ್ಲಿ ಒಂದು ಹೊಸ ಸುದ್ದಿ ಬಂತು. ಸಪ್ಪಳವನ್ನು ಸುತ್ತಲಿನಿಂದಲೂ ತಲೆಯ ಮೇಲಿನಿಂದಲೂ ಕೇಳಿಸುವ ವಿದ್ಯೆ ಅಲ್ಲಿಯವರೆಗೆ ದೊಡ್ಡ ಕಂಪನಿಗಳ ಮುಷ್ಟಿಯಲ್ಲಿತ್ತು. ಅವರು ಮಾಡಿ ಕಳಿಸಿದ್ದನ್ನು ನಾವು ಹಾಕಿ ತೋರಿಸುತ್ತಿದ್ದೆವು, ಅಷ್ಟೇ. ಈಗ ಅದೇ ವಿದ್ಯೆ ಓಪನ್ ಸೋರ್ಸ್ ಆಗಿ ಬಂದಿತ್ತು. ಸೂತ್ರವನ್ನೆಲ್ಲ ಬಯಲಿಗಿಟ್ಟಿದ್ದರು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಬಳಸಬಹುದು, ತಿದ್ದಬಹುದು. ಒಂದೊಂದು ಸಪ್ಪಳಕ್ಕೂ ಅದು ಕೋಣೆಯಲ್ಲಿ ಎಲ್ಲಿಂದ ಬರಬೇಕೆಂದು ಜಾಗ ಗೊತ್ತುಮಾಡಿ ಇಡುವುದು ನಮ್ಮ ಕೆಲಸ. ಯಾವ ಸ್ಪೀಕರ್ ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಸಿದರೆ ಉಳಿದ ಲೆಕ್ಕವನ್ನು ಅದೇ ಹಾಕಿಕೊಳ್ಳುತ್ತದೆ. ವಸ್ತಾದರು ಹುಡುಗರ ಹಾಗೆ ಕುಣಿದಾಡಿದರು.

“ಇಷ್ಟ ದಿನಾ ಮಂದೀ ಹೆಲಿಕಾಪ್ಟರ್ ಹಾರ್ಸಿ ತೋರ್ಸೀನಿ ಬೇ. ಇನ್ನ ನಮ್ಮ ಕುರಿ ಹಾಯಿಸಿ ತೋರಸ್ತೀನಿ!”

ಬೇಕಾದ ವಿದ್ಯೆ ಕೈಗೆ ಬರುವ ಹೊತ್ತಿಗೆ ಕಿವಿ ಹೋಗಿತ್ತು. ಅಲ್ಲಾಹನಿಗೆ ಇಂಥ ಚೇಷ್ಟೆ ಯಾಕೆ ಬೇಕಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಬಿಜ್ಜರಗಿಯಲ್ಲಿ ಪರಿಚಯದ ಕುರುಬರೊಬ್ಬರ ಹಿಂಡು ಹಟ್ಟಿಯಿಂದ ಮೇಯಲು ಹೊರಡುವುದನ್ನು ಚಿತ್ರದೊಡನೆ ಹಿಡಿದು ತಂದೆವು. ಸಾವಿರ ಗೊರಸಿನ ಸಪ್ಪಳ, ಕುರುಬನ ಸಿಳ್ಳು, ತಲೆಯ ಮೇಲೆ ಕೂಗುತ್ತ ಹಾರಿದ ಟಿಟ್ಟಿಭ ಹಕ್ಕಿ, ಹಿಂಡು ತಪ್ಪಿ ತಾಯಿಗಾಗಿ ಒದರುವ ಒಂದು ಮರಿ. ಆಮೇಲೆ ತಿಂಗಳುಗಟ್ಟಲೆ ಕಂಪ್ಯೂಟರಿನ ಮುಂದೆ ಕೂತೆವು.

“ಎಲ್ಲೈತಿ ಮರಿ?”

“ಬಲಕ್ಕರಿ, ಸ್ವಲ್ಪ ಹಿಂದ.”

“ಸ್ವಲ್ಪ ಅಂದ್ರ? ಮಾರೋ, ಗೇಣೋ?”

“ಗೇಣ್ರಿ.”

ಗೇಣಿಗೆ ಗೇಣು ಸರಿಸುತ್ತ ಇಡೀ ಹಿಂಡನ್ನು ಕೋಣೆಯೊಳಗೆ ನಡೆಸಿದರು. ಮುಗಿದ ದಿನ ನಾನು ಕಣ್ಣು ಮುಚ್ಚಿ ಕೂತು ಕೇಳಿದೆ. ಕುರಿ ತುಳಿಯುತ್ತವೆಂದು ಕಾಲು ಮೇಲೆಳೆದುಕೊಂಡೆ. ಕಣ್ಣು ತೆಗೆದಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಹೆಂಗೈತಿ? ಹೇಳ ಬೇ. ನನಗ ಕೇಳಂಗಿಲ್ಲ,” ಅಂದರು. ಆ ದನಿಯಲ್ಲಿ ಅವರು ಮಾತಾಡಿದ್ದು ಅದೊಂದೇ ಸಲ.

ಟಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ಸಾಹುಕಾರರೊಬ್ಬರು ರಸ್ತೆಗೆ ಅಂಟಿಕೊಂಡೇ ಮನೆ ಕಟ್ಟಿಸಿ, ಥೇಟರ್ ಕೆಲಸ ನಮಗೆ ಕೊಟ್ಟಿದ್ದರು. ಅವರ ಬೀಗರು ಬಬಲೇಶ್ವರದವರು. ಇಲ್ಲಿ ಛಲೋ ಆದರೆ ನಮ್ಮದೂ ನಿಮಗೇ ಎಂದಿದ್ದರು. ಹಿಂದಿನ ದಿನ ಎಲ್ಲ ಹೊಂದಿಸಿ ಬಂದೆವು. ಮರುದಿನ ಎಲ್ಲರ ಮುಂದೆ ಕುರಿ ಹಾಯಿಸುವುದೆಂದು ಗೊತ್ತಾಯಿತು.

ಹೊಸ ಸಾಮಾನನ್ನು ಪೂಜೆ ಮಾಡದೆ ಚಾಲೂ ಮಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ನಾವು ಹೋಗುವ ಮೊದಲೇ ಸ್ಪೀಕರುಗಳನ್ನೆಲ್ಲ ಬಿಚ್ಚಿ ಇಳಿಸಿ, ಒಂದು ಸಾಲಿಗಿಟ್ಟು, ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದು, ಮತ್ತೆ ಏರಿಸಿಟ್ಟಿದ್ದರು. ಏರಿಸುವಾಗ ತಂತಿ ಸಮೇತ ಬಲದ್ದು ಎಡಕ್ಕೆ ಹೋಗಿತ್ತು, ಎಡದ್ದು ಬಲಕ್ಕೆ. ಜಾಗ ಬದಲಾಗಿದೆ ಎಂದು ಯಂತ್ರಕ್ಕೂ ಹೇಳಿರಲಿಲ್ಲ, ನಮಗೂ ಹೇಳಲಿಲ್ಲ. ಹೇಳುವಂಥದ್ದೇನಾದರೂ ಆಗಿದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಮನೆಯ ಹೆಂಗಸರು, “ಇಲ್ಲಿ ಬಾರವಾ, ಗಂಡಸರ ನಡುವ ಎಲ್ಲಿ ನಿಂದರ್ತಿ,” ಎಂದು ನನ್ನನ್ನು ಹಿಂದಕ್ಕೆ ಎಳೆದು ಕೂಡಿಸಿಕೊಂಡರು. ವಸ್ತಾದರು ಪರದೆಯ ಪಕ್ಕ ಒಬ್ಬರೇ ನಿಂತರು. ಕುರಿ ಬಂದವು. ಪರದೆಯ ಮೇಲೆ ಎಡದಿಂದ ಬಲಕ್ಕೆ, ಸಪ್ಪಳದಲ್ಲಿ ಬಲದಿಂದ ಎಡಕ್ಕೆ. ಎದ್ದು ಕೈಸನ್ನೆ ಮಾಡಿದೆ. ನೋಡಿಯೂ ನೋಡದವರಂತೆ ಕೈ ಎತ್ತಿ ವರ್ಣಿಸುತ್ತಲೇ ಹೋದರು. ಏನು ಸೊಕ್ಕು ಆ ಮುಖದಲ್ಲಿ!

“ನೋಡ್ರಿ, ಎಡಕಿಂದ ಬರಾಕತ್ತಾವ... ಈಗ ನಡುವ... ಈಗ ಬಲಕ್ಕ ಹೊಂಟ್ವು!”

ಸಾಹುಕಾರರ ಅಳಿಯ ಮೊದಲು ನಕ್ಕ. “ವಸ್ತಾದ್ರ, ಕುರಿ ಅತ್ತಾಗ ಹೊಂಟಾವ, ಸಪ್ಪಳ ಇತ್ತಾಗ ಹೊಂಟೈತಲ್ರಿ!”

“ಮೊದಲ ಕಿವಿ ತೊಳಕೊಂಡ ಬರ್ರಿ.”

“ಇಲ್ರಿ, ಉಲ್ಟಾನ ಐತಿ,” ಎಂದು ಸಾಹುಕಾರರೂ ದನಿಗೂಡಿಸಿದರು. ವಸ್ತಾದರು ಜನರ ತಲೆಗಳ ಮೇಲಿಂದ ನನ್ನನ್ನು ಹುಡುಕಿದರು.

“ಹತ್ತಿ, ಹೇಳ ಬೇ ಇವರಿಗೆ.”

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಸರಿ ಇದೆ ಅಂದುಬಿಡಬಹುದಿತ್ತಲ್ಲ ಎಂದು ಈಗಲೂ ಕೇಳುವವರಿದ್ದಾರೆ. ಕಿವಿಗೆ ಬಿದ್ದದ್ದನ್ನು ಬಿಟ್ಟು ಬೇರೆ ಹೇಳುವ ನಾಲಗೆಯನ್ನು ಅವರೇ ನನ್ನಲ್ಲಿ ಉಳಿಸಿರಲಿಲ್ಲ.

“ಉಲ್ಟಾ ಐತ್ರಿ, ವಸ್ತಾದ್ರ.”

ಅಳಿಯನಿಗೆ ಏನೋ ಹೊಳೆಯಿತು. ಎದ್ದು ಹೋಗಿ ಅವರ ಬೆನ್ನ ಹಿಂದೆ ನಿಂತು, ಬಲಗಡೆಗೆ ಬಾಗಿ ಚಪ್ಪಾಳೆ ತಟ್ಟಿದ. ವಸ್ತಾದರು ಎಡಕ್ಕೆ ತಿರುಗಿದರು. ಇನ್ನೊಮ್ಮೆ ತಟ್ಟಿದ, ಇನ್ನೊಮ್ಮೆ ಎಡಕ್ಕೆ ತಿರುಗಿದರು. ಮಕ್ಕಳಿಗೆ ಅದು ಆಟವಾಯಿತು. ಅವೂ ಓಡಿ ಬಂದು ಬಲಗಡೆ ನಿಂತು ತಟ್ಟತೊಡಗಿದವು. ಯಾರೋ ಒಬ್ಬಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಬಬಲೇಶ್ವರದ ಬೀಗರು, “ಕಿವುಡನ ಕೈಯಾಗ ಕೆಲಸಾ ಕೊಟ್ಟೀರಲ್ರಿ ಬೀಗರ,” ಎಂದು ದೊಡ್ಡ ದನಿಯಲ್ಲೇ ಹೇಳಿದರು. ವಸ್ತಾದರು ತಿರುಗುವುದನ್ನು ನಿಲ್ಲಿಸಿದರು. ಯಾರಿಗೂ ಒಂದು ಬೈಗುಳವನ್ನೂ ಬೈಯದೆ ಚಪ್ಪಲಿ ಮೆಟ್ಟಿಕೊಂಡರು. ನಾನು ಹಿಂದೆಯೇ ಓಡಿದೆ. ಮೆಟ್ಟಿಲ ಮೇಲೆ ತಿರುಗಿ ನಿಂತು ನನ್ನನ್ನು ತಡೆದರು.

“ಬೆನ್ನ ಹತ್ತಬ್ಯಾಡ. ಬಲಕ್ಕ ಯಾರೂ ಬ್ಯಾಡ ನನಗ ಇನ್ನ.”

ನಾನು ಮೆಟ್ಟಿಲ ಮೇಲೆಯೇ ನಿಂತೆ. ಅವರು ರಸ್ತೆಗಿಳಿದರು. ಬಲಗಡೆಯಿಂದ ದ್ರಾಕ್ಷಿಯ ಟೆಂಪೊ ಬರುತ್ತಿತ್ತು, ಹಾರ್ನ್ ಹೊಡೆಯುತ್ತಲೇ ಇತ್ತು. ಅವರಿಗೆ ಹಾರ್ನ್ ಕೇಳಿಸಿತು. ನಿಂತು ಎಡಕ್ಕೆ ನೋಡಿದರು. ಎಡಗಡೆ ರಸ್ತೆ ಖಾಲಿ ಇತ್ತು. “ವಸ್ತಾದ್ರ, ಬಲಕ್ಕ!” ಎಂದು ಚೀರಿದೆ. ನನ್ನ ಚೀರಾಟವೂ ಎಡದಿಂದಲೇ ಕೇಳಿಸಿರಬೇಕು. ಇನ್ನಷ್ಟು ಎಡಕ್ಕೆ ಕತ್ತು ಹೊರಳಿಸಿದರು. ದವಾಖಾನೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು.

ಮಣ್ಣು ಮಾಡಿದ ಮರುದಿನವೇ ಸಾಹುಕಾರರ ಫೋನ್ ಬಂತು. “ತಪ್ಪ ತಿಳ್ಕೋಬ್ಯಾಡ ತಂಗಿ. ಬೀಗರು ಇನ್ನೂ ಇಲ್ಲೇ ಅದಾರ. ಅದನ್ನೊಂದ್ ಸರಿ ಮಾಡಿ ಹೋಗು.” ಹೋದೆ. ಹೋಗದೆ ಏನು ಮಾಡಲಿ, ಕೆಲಸ ಅರ್ಧಕ್ಕೆ ನಿಂತಿತ್ತು. ಕುಂಕುಮದ ಸ್ಪೀಕರುಗಳನ್ನು ಇಳಿಸಿ, ಅದಲು ಬದಲು ಮಾಡಿ, ಕುರಿ ಹಾಯಿಸಿದೆ. ಹಿಂಡು ಎಡದಿಂದ ಬಂದು ಬಲಕ್ಕೆ ಹೋಯಿತು. ಬೀಗರು ತಲೆಯ ಮೇಲೆ ಟಿಟ್ಟಿಭ ಹುಡುಕಿದರು.

“ಪಾಪ,” ಎಂದರು ಸಾಹುಕಾರರು. “ಒಂದ ಕಿವಿ ಇಲ್ಲಂತ ಮೊದಲ ಹೇಳಿದ್ರ ನಾವ್ಯಾಕ ನಗ್ತಿದ್ವಿ?”

“ಹೇಳಿದ್ರ ಕೆಲಸ ಕೊಡ್ತಿದ್ರೇನ್ರಿ?”

“ಇಲ್ಲ ಬಿಡವಾ, ಕೊಡ್ತಿದ್ದಿಲ್ಲ,” ಅಂದರು.

ಬಬಲೇಶ್ವರದ ಕೆಲಸ ನನಗೇ ಸಿಕ್ಕಿತು. ಈಗ ಅಂಗಡಿಯನ್ನು ನಾನೇ ನಡೆಸುತ್ತೇನೆ, ನನ್ನ ಅನ್ನ ನಾನು ತಿನ್ನುತ್ತೇನೆ. ಅದು ಅವರು ಕೊಟ್ಟ ಅನ್ನ. ಅದಕ್ಕಾಗಿ ಅವರನ್ನು ಎಷ್ಟು ನೆನೆಯುತ್ತೇನೋ ಆ ಡಬ್ಬಿ ಒಗೆದದ್ದಕ್ಕೆ ಅಷ್ಟೇ ಶಪಿಸುತ್ತೇನೆ. ಕುರಿಹಿಂಡನ್ನು ಓಪನ್ ಸೋರ್ಸಿನವರ ನಡುವೆ ಎಲ್ಲರಿಗೂ ಸಿಗುವಂತೆ ಇಟ್ಟಿದ್ದೇನೆ. ಯಾವ ಯಾವ ದೇಶದವರೋ ತಮ್ಮ ಮನೆಯಲ್ಲಿ ಹಾಕಿ ಕೇಳಿ, ಹಿಂಡು ತಪ್ಪಿದ ಆ ಮರಿ ನಮ್ಮ ಖುರ್ಚಿಯ ಹಿಂದೆಯೇ ನಿಂತಿದೆ ಎಂದು ಬರೆಯುತ್ತಾರೆ. ಮಾಡಿದವರಿಗೆ ಅದು ಒಂದು ಸಲವೂ ಹಾಗೆ ಕೇಳಲಿಲ್ಲ.